ಯಾರೂ ಬಂದಿಲ್ರೀ ಸಾಹೇಬ್ರ

ನನ್ನ ಕೆನ್ನೆಗೆ ಹೊಡೆದ ಸಾಹೇಬರು ಸತ್ತರು ಎಂದು ಅವರ ಪೊಲೀಸ್ ತಂಡದ ಮೀಸೆ ಹವಾಲ್ದಾರರು ಫೋನ್ ಮಾಡಿ ಹೇಳಿದರು. ನಾನು ಟ್ರಾಲಿಗೆ ಕಬ್ಬು ಹೇರಿಸುತ್ತ ನಿಂತಿದ್ದೆ. ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಇಳಿದು ಆಮೇಲೆ ಕಿಡ್ನಿಗೆ ಹೋಗಿತ್ತಂತೆ. ರಿಟೈರಾಗಿ ಬಹಳ ದಿನವೇನೂ ಆಗಿರಲಿಲ್ಲ.

"ಮಣ್ಣಿಗೆ ಬರ್ತೀಯೇನ್ಲೇ?" ಎಂದು ಕೇಳಿದರು ಹವಾಲ್ದಾರರು.

ಹೋದೆ. ರಾಯಬಾಗದ ಕಡೆ ಅವರ ಊರು. ದೊಡ್ಡ ಅಧಿಕಾರಿಗಳು ಬಂದಿದ್ದರು. ಹಾರ ಹಾಕಿದರು. ದಕ್ಷರು, ಧೀರರು ಎಂದು ಮಾತಾಡಿದರು. ನನಗೆ ಅಂಥ ಮಾತು ಬರುವುದಿಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಕಂಡದ್ದನ್ನು ಹೇಳುತ್ತೇನೆ.

ಧೀರರ ಹಾಗೆ ಅವರು ನನಗೆ ಎಂದೂ ಕಂಡಿಲ್ಲ. ಕುಳ್ಳಗಿದ್ದರು, ಹೊಟ್ಟೆ ಮುಂದಿತ್ತು, ಮೊಣಕಾಲು ನೋಯುತ್ತಿತ್ತು. ಜೀಪಿನಿಂದ ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಇಳಿಯಲೋ ಬೇಡವೋ ಎಂದು ತಮ್ಮನ್ನೇ ಕೇಳಿಕೊಳ್ಳುವ ಹಾಗಿತ್ತು ಅದು. ಎದುರಿಗಿದ್ದವನು ಮಾತಾಡುವಾಗ ಕಣ್ಣು ಮುಚ್ಚಿರುತ್ತಿದ್ದರು. ಮಲಗಿಬಿಟ್ಟರು ಎಂದು ಅವನು ಮಾತು ನಿಲ್ಲಿಸಿದರೆ, ಕಣ್ಣು ತೆರೆಯದೆಯೇ "ಆತು, ಮುಂದ?" ಎನ್ನುತ್ತಿದ್ದರು. ನನಗೆ ಅವರ ನೆನಪು ಎಂದರೆ ಮೊದಲು ಬರುವುದು ಈ ಎರಡು ಶಬ್ದ. ಹೊಡೆತ ಆಮೇಲೆ.

ಅವರು ನಮ್ಮ ಕಡೆ ಬಂದದ್ದು ಮುದುಕಿಯರನ್ನು ಕೊಲ್ಲುವವನನ್ನು ಹಿಡಿಯಲು. ತೆಲಸಂಗದ ಕಡೆ ಒಂದು ತೋಟದ ಮನೆಯಲ್ಲಿ ಒಬ್ಬಂಟಿ ಮುದುಕಿ ಸತ್ತಿದ್ದಳು. ವಯಸ್ಸಾಗಿತ್ತು, ಹೋದಳು ಎಂದು ಮಣ್ಣು ಕೊಟ್ಟರು. ಕಿವಿಯ ಬೆಂಡೋಲಿ, ಕೊರಳಿನ ಬೋರಮಾಳ ಇಲ್ಲ ಎಂದು ಗೊತ್ತಾದದ್ದು ಆಮೇಲೆ. ಆಗಲೂ ಮನೆಯವರು ಮನೆಯವರ ಮೇಲೆಯೇ ಸಂಶಯ ಪಟ್ಟು ಜಗಳಾಡಿದರು. ಚಿಕ್ಕೋಡಿ ಕಡೆ ಇನ್ನೊಬ್ಬಳು ಹಾಗೆಯೇ ಹೋದಳು. ಅಕ್ಕೋಳದ ಹತ್ತಿರ ಸತ್ತವಳ ಬಾಯಿ ಸುತ್ತ ಕಂದಿದ್ದು ಕಂಡಿತು. ರಾಯಬಾಗದ ಹತ್ತಿರ ಸತ್ತವಳದೂ ಅದೇ. ಆಗ ಪೊಲೀಸರು ಎದ್ದರು. ಇದು ಒಬ್ಬನದೇ ಕೆಲಸ ಎಂದರು. ಸಾಹೇಬರನ್ನು, ಅವರ ತಂಡವನ್ನು ಕಳಿಸಿದರು.

ಎಲ್ಲರೂ ವಿಧವೆಯರು. ಎಲ್ಲರೂ ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವವರು. ಎಲ್ಲರೂ ಸತ್ತದ್ದು ಹಾಡುಹಗಲು, ಮನೆಮಂದಿ ಹೊಲಕ್ಕೋ ಕೆಲಸಕ್ಕೋ ಹೋಗಿರುವ ಹೊತ್ತಿನಲ್ಲಿ. ಬಾಗಿಲು ಮುರಿದಿಲ್ಲ. ಕೂಗು ಕೇಳಿಲ್ಲ. ಸಾಹೇಬರು ಓಣಿ ಓಣಿ ತಿರುಗಿ ಕೇಳಿದರು: ಆ ದಿನ ಯಾರು ಬಂದಿದ್ದರು? ನಿಪ್ಪಾಣಿ ಕಡೆ ಮರಾಠಿಯಲ್ಲಿ ಕೇಳಿದರು, ಅಥಣಿ ಕಡೆ ಕನ್ನಡದಲ್ಲಿ ಕೇಳಿದರು.

"ಯಾರೂ ಬಂದಿಲ್ರೀ ಸಾಹೇಬ್ರ."

"ಕೋಣೀ ಆಲಂ ನಾಹಿ."

"ಪ್ರಶ್ನಿ ಎರಡ ಭಾಷಾದಾಗ ಕೇಳೇನಿ. ಉತ್ತರ ಒಂದ ಐತಿ ನೋಡ್" ಎಂದು ಒಮ್ಮೆ ನನ್ನ ಮುಂದೆಯೇ ಹವಾಲ್ದಾರರಿಗೆ ಹೇಳಿದರು. ಹೇಳಿ ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. ಅವರ ಕಣ್ಣು ಯಾವಾಗಲೂ ಕೆಂಪಗೇ ಇರುತ್ತಿತ್ತು.

ಯಾರೂ ಬಂದಿಲ್ಲ ಎಂದರೆ ಏನು ಮಾಡಬೇಕು? ಮೊಬೈಲ್ ಟವರ್ ನೋಡಿದರು. ಸತ್ತ ದಿನ ಸತ್ತ ಊರಿನಲ್ಲಿ ಇದ್ದ ನಂಬರು ಯಾವುದು ಎಂದು. ಅದರಲ್ಲಿ ನಾನು ಸಿಕ್ಕಿದೆ.

ನಾನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಸೀಜನ್ ಶುರುವಾದರೆ ಕಬ್ಬು ಎಲ್ಲಿ ಕಡಿಯುತ್ತಾರೋ ಅಲ್ಲಿ ಹೋಗುತ್ತೇನೆ. ಇಂದು ತೆಲಸಂಗ, ನಾಳೆ ರಾಯಬಾಗ. ನನ್ನ ಹಾಗೆ ನೂರಾರು ಡ್ರೈವರ್‌ಗಳಿದ್ದಾರೆ. ಆದರೆ ಆ ದಿನಗಳು, ಆ ಊರುಗಳು ನನ್ನ ನಂಬರಿಗೇ ಕೂಡಿ ಬಂದವು. ಅದೂ ಅಲ್ಲದೆ ತೆಲಸಂಗದ ಆ ತೋಟದ ಮನೆಯಲ್ಲಿ ನಾನು ಮಜ್ಜಿಗೆ ಕುಡಿದಿದ್ದೆ. ಮುದುಕಿ ಎಲ್ಲ ಡ್ರೈವರ್‌ಗಳಿಗೂ ಕೊಡುತ್ತಿದ್ದಳು. ನಾನೇ ಅದನ್ನು ಹೇಳಿದೆ. ಹೇಳದಿದ್ದರೆ ಚೆನ್ನಾಗಿತ್ತು.

"ಮಜ್ಜಿಗಿ ಕುಡಿದಿ. ಆತು, ಮುಂದ?"

"ಮುಂದ ಏನಿಲ್ರಿ. ಟ್ರ್ಯಾಕ್ಟರ್ ಹತ್ತಿ ಹೋದ್ನಿ."

"ಬೋರಮಾಳ ನೋಡಿದ್ಯಲ್ಲ?"

"ಕೊಳ್ಳಾಗ ಇದ್ರ ಕಾಣತೈತ್ರಿ. ಕಣ್ಣ ಮುಚ್ಚಕೊಂಡ ಕುಡೀತಾರೇನ್ರಿ ಮಜ್ಜಿಗಿ?"

ಆಗ ಹೊಡೆದರು. ಒಂದೇ ಏಟು. ಹೊಡೆದು ತಮ್ಮ ಅಂಗೈಯನ್ನು ನೋಡಿಕೊಂಡರು. ಅವರಿಗೂ ನೋವಾಗಿತ್ತು ಎಂದು ಕಾಣುತ್ತದೆ. ಮಧ್ಯಾಹ್ನ ತಮ್ಮ ಡಬ್ಬಿ ಬಿಚ್ಚಿ ಅರ್ಧ ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಮುಂದೆ ಇಟ್ಟರು. ನಾನು ಮುಟ್ಟಲಿಲ್ಲ.

"ತಿನ್ನಲೇ ಟ್ರ್ಯಾಕ್ಟರ್. ಹೊಡತಾ ಬ್ಯಾರೆ, ಹಸಿವಿ ಬ್ಯಾರೆ."

ನನ್ನ ಹೆಸರು ಅವರಿಗೆ ಗೊತ್ತಿತ್ತು. ಆದರೂ ಕೊನೆಯ ತನಕ ಟ್ರ್ಯಾಕ್ಟರ್ ಎಂದೇ ಕರೆದರು. ರೊಟ್ಟಿ ತಿಂದೆ. ಪಲ್ಯ ಖಾರವಾಗಿತ್ತು.

ನನ್ನನ್ನು ಹಿಡಿದ ಮರುದಿನ ಅವರು ನಮ್ಮೂರಿಗೆ ಹೋದರು. ಅಥಣಿ ಮತ್ತು ಕಾಗವಾಡದ ನಡುವೆ ನಮ್ಮೂರು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಜನ ಸೇರಿರುತ್ತಾರೆ. ಅಲ್ಲಿ ನಿಂತು, "ಹಿಡದೇವಿ. ಇನ್ನ ಅಂಜಬ್ಯಾಡ್ರಿ. ಮುದುಕ್ಯಾರಿಗೆ ಬಾಗಲಾ ತಗದ ಕುಂದರಾಕ ಹೇಳ್ರಿ" ಎಂದರಂತೆ. ಆ ದಿನಗಳಲ್ಲಿ ಹಗಲು ಹೊತ್ತಿನಲ್ಲೂ ಮುದುಕಿಯರು ಒಳಗಿನಿಂದ ಚಿಲಕ ಹಾಕಿ ಕೂಡುತ್ತಿದ್ದರು. ಸಾಹೇಬರ ಮಾತು ಕೇಳಿ ಬಾಗಿಲು ತೆರೆದವು.

ಡೇರಿಯ ಹಿಂದೆ ಒಬ್ಬ ಆಯಿ ಇದ್ದಳು. ಅವಳ ಮಗಳನ್ನು ಚಿಕ್ಕೋಡಿಗೆ ಕೊಟ್ಟಿತ್ತು. ಆಯಿ ಒಬ್ಬಳೇ ಇರುತ್ತಿದ್ದಳು. ಬಾಯಿ ಬಹಳ ಜೋರು. ನನ್ನ ಟ್ರ್ಯಾಕ್ಟರಿನ ಹಾಡು ಕೇಳಿದರೆ "ಅದರ ಕುತ್ತಿಗಿ ಹಿಚುಕೋ, ಕೋಳಿ ಓಡಿ ಹೋಗತಾವು" ಎಂದು ಬೈಯುತ್ತಿದ್ದಳು. ನಾನು ಇನ್ನೂ ಲಾಕಪ್ಪಿನಲ್ಲಿ ಇರುವಾಗ ಒಂದು ಮಧ್ಯಾಹ್ನ ಅವಳು ಸತ್ತಳು. ಅದೇ ರೀತಿ. ಬಾಯಿ ಸುತ್ತ ಅದೇ ಕಲೆ.

ಸುದ್ದಿ ಬಂದಾಗ ಸಾಹೇಬರು ನನ್ನ ಎದುರಿಗೇ ಇದ್ದರು. ಫೋನ್ ಕಿವಿಗೆ ಹಿಡಿದು ಕೇಳಿದರು. "ಆತು, ಮುಂದ?" ಎಂದೂ ಅನ್ನಲಿಲ್ಲ. ಎದ್ದು ಹೋದರು. ಮಾರನೆಯ ದಿನ ಬಂದು ಕೀಲಿ ತೆಗೆಸಿದರು.

"ಹೊರಗ ಬಾ. ನೀ ಅಲ್ಲ."

ನನಗೆ ಖುಷಿಯಾಯಿತು. ಆಮೇಲೆ ಯಾಕೆ ಬಿಟ್ಟರು ಎಂದು ಹವಾಲ್ದಾರರು ಹೇಳಿದರು. ಆಗ ಖುಷಿ ಇಳಿದು ಹೋಯಿತು. ಆಯಿ ಸಾಯದಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಸಾಹೇಬರೇ ತಮ್ಮ ಜೀಪಿನಲ್ಲಿ ನನ್ನನ್ನು ಮನೆಗೆ ಕರೆತಂದರು. ಮನೆ ಮುಂದೆ ಜೀಪು ನಿಂತಾಗ ಒಳಗಿನಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು. ಬೇರೆ ಊರಿನವಳು. ಹಣೆಯ ಮೇಲೆ ಹಸಿ ಕುಂಕುಮ. ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ನಮ್ಮನ್ನು ದಾಟಿ ಹೋದಳು.

ಅವ್ವ ನನ್ನನ್ನು ಹಿಡಿದುಕೊಂಡು ಅತ್ತಳು. ಆಮೇಲೆ ಸಾಹೇಬರಿಗೆ ಬೈದಳು. ಅಪ್ಪ ಇಲ್ಲದ ಮಗನ ಮೇಲೆ ಕೈ ಮಾಡಿದವನ ಕೈ ಸೇದಿ ಹೋಗಲಿ ಎಂದಳು. ಅವರು ಕೇಳಿಸಿಕೊಂಡು ನಿಂತರು. ಅವಳ ಬೈಗುಳ ಮುಗಿದ ಮೇಲೆ ಕೇಳಿದರು:

"ಪೇಪರಿನವರು, ನಮ್ಮವರು, ಇವತ್ತ ಮನಿಗೆ ಯಾರರ ಬಂದಿದ್ರೇನಬೇ ಯವ್ವಾ?"

"ಯಾರೂ ಬಂದಿಲ್ರಿ. ಕೊಲೆಗಾರನ ಮನಿಗೆ ಯಾರ್ ಬರತಾರ?"

ಸಾಹೇಬರು ಜೀಪಿನ ಕಡೆ ತಿರುಗಿದ್ದವರು ನಿಂತರು.

"ಮತ್ತ ಈಗ ಹೋದಾಕಿ?"

"ಯಾರು? ಆ ಪಾತ್ರೆದಾಕಿ?"

"ಆಕಿ ಬಂದಿದ್ಲಲ್ಲ."

"ಆಕಿ ಹೆಣ್ಮಗಳಲ್ರೀ. ಬಂದ್ಲು, ಕುಂತ್ಲು, ಕುಂಕುಮಾ ಹಚ್ಚಿಕೊಂಡ ಹೋದ್ಲು. ಅದೇನ್ ಬಂದಂಗ ಆತೇನ್ರಿ?"

ಸಾಹೇಬರು ಬಗ್ಗಿ ನಮ್ಮ ಮನೆಯೊಳಗೆ ನೋಡಿದರು. ನೆಲದ ಮೇಲೆ, ಚಾಪೆಯ ಪಕ್ಕ, ಕುಂಕುಮದ ಭರಣಿ ಮುಚ್ಚಳ ತೆಗೆದು ಇಟ್ಟಿತ್ತು. ವಿಧವೆ ತನ್ನ ಕೈಯಿಂದ ಇನ್ನೊಬ್ಬಳಿಗೆ ಕುಂಕುಮ ಹಚ್ಚಬಾರದು ಎನ್ನುತ್ತಾರೆ ನಮ್ಮಲ್ಲಿ. ಬಂದ ಮುತ್ತೈದೆಯನ್ನು ಬರಿ ಹಣೆಯಲ್ಲಿ ಕಳಿಸಲೂಬಾರದು. ಅದಕ್ಕೆ ಭರಣಿಯನ್ನು ಅವಳ ಮುಂದೆ ಸರಿಸಿ, "ಹಚ್ಚಿಕೊಂಡ ಹೋಗವಾ" ಎನ್ನುತ್ತಾರೆ.

ಸಾಹೇಬರು ನಮ್ಮ ಕಟ್ಟೆಯ ಮೇಲೆ ಧೊಪ್ಪನೆ ಕುಳಿತರು.

"ನಮ್ಮವ್ವನೂ ಹಿಂಗ ಸರಸ್ತಿದ್ಲು" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. "ಆಯಿ ಮನ್ಯಾಗೂ ಭರಣಿ ಇತ್ತು. ಮೊದಲಿನ ಫೋಟೋದಾಗೂ ಹೆಣದ ಬಾಜೂಕ ಇತ್ತು. ದೇವರ ಪೂಜಾಕ ಇಟ್ಟಿರಬೇಕಂತ ದಾಟಿ ಹೋದ್ನಿ."

ಅವ್ವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಆ ಮುಖ ನೋಡಿ ಒಳಗೆ ಹೋಗಿ ಚಹಾ ಇಟ್ಟಳು. ಅವರು ಕುಡಿಯದೇ ಹೋದರು.

ಮುಂದಿನದು ನಾನು ಕಂಡದ್ದಲ್ಲ. ಅವರ ತಂಡದಲ್ಲಿ ಒಬ್ಬ ಲೇಡಿ ಪೊಲೀಸ್ ಇದ್ದಳು, ನಮ್ಮ ಅಕ್ಕನ ವಯಸ್ಸಿನವಳು. ಅವಳು ಆಮೇಲೆ ಹೇಳಿದ್ದು. ಸಾಹೇಬರು ಅವಳನ್ನು ಯೂನಿಫಾರ್ಮ್ ಬೇಡ, ಸೀರೆ ಉಟ್ಟು ಹೋಗು ಎಂದು ಎಲ್ಲ ಊರಿಗೂ ಮತ್ತೆ ಕಳಿಸಿದರು. ಯಾರು ಬಂದಿದ್ದರು ಎಂದು ಕೇಳಬೇಡ, ಯಾವ ಹೆಣ್ಣುಮಗಳು ಬಂದಿದ್ದಳು ಎಂದು ಕೇಳು ಎಂದರು. ಗಂಡಸರನ್ನು ಕೇಳಲೇಬೇಡ ಎಂದರು.

ಅದೇ ಓಣಿಗಳು. ಅದೇ ಜನ. ಈಗ ಉತ್ತರ ಬೇರೆ ಬಂತು. ಹೌದಲ್ಲ, ಒಬ್ಬಾಕಿ ಬಂದಿದ್ದಳಲ್ಲ. ನಮ್ಮ ಮನೆಗೆ ಬಂದ ಪಾತ್ರೆಯವಳಲ್ಲ, ಬೇರೆಯವಳು. ದಪ್ಪ ಕುಂಕುಮ, ಕೈ ತುಂಬ ಹಸಿರು ಬಳೆ, ಬಗಲಲ್ಲಿ ಬಟ್ಟೆಯ ಚೀಲ. ಹೆಣ್ಣು ನೋಡಲು ಬಂದೇನಿ ಎನ್ನುತ್ತಿದ್ದಳು. ಮೊಮ್ಮಕ್ಕಳ ಮದುವೆಯ ಮಾತು ಎತ್ತಿದರೆ ಯಾವ ಮುದುಕಿ ಬೇಡ ಎನ್ನುತ್ತಾಳೆ? ಕುಂದರ್ ಎಂದು ಹೇಳಿ ಚಹಾ ಮಾಡಿ ಕೊಟ್ಟಿದ್ದಾರೆ. ಕನ್ನಡದವರಲ್ಲಿ ಕನ್ನಡ ಮಾತಾಡಿದ್ದಾಳೆ, ಮರಾಠಿಯವರಲ್ಲಿ ಮರಾಠಿ.

"ಮೊದಲ ಯಾಕ ಹೇಳಲಿಲ್ಲಬೇ?" ಎಂದು ಲೇಡಿ ಪೊಲೀಸ್ ಕೇಳಿದ್ದಕ್ಕೆ ಅಕ್ಕೋಳ ಕಡೆಯ ಒಬ್ಬ ಮುದುಕಿ ಅವಳಿಗೇ ದಬಾಯಿಸಿದಳಂತೆ: "ಯಾಂವ ಬಂದಿದ್ದ ಅಂತ ಕೇಳಿದ್ರು ನಿಮ್ಮ ಸಾಹೇಬ್ರು. ಯಾಂವಾ ಬಂದಿರಲಿಲ್ಲ. ಸುಳ್ಳ ಹೇಳಾಕ ಆಗತೈತೇನು?"

ಕಾಗವಾಡದ ಕಡೆ ಒಂದು ತೋಟದ ಮನೆಯ ಮುದುಕಿಗೆ ಆ ಹೆಂಗಸು ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದಳು. ಮೊದಲ ಸಲ ಹೋದಾಗ ಮನೆಯಲ್ಲಿ ಮಗ ಇದ್ದ. ಗುರುವಾರ ಹುಡುಗನ ಫೋಟೋ ತರುತ್ತೇನೆ ಎಂದಿದ್ದಳು. ಗುರುವಾರ ಲೇಡಿ ಪೊಲೀಸ್ ಅಡುಗೆಮನೆಯಲ್ಲಿ ಕುಳಿತಳು. ಸಾಹೇಬರು ಹಿಂದಿನ ದನದ ಕೊಟ್ಟಿಗೆಯಲ್ಲಿ ಬೆಳಗಿನಿಂದ ಕುಳಿತರು. ಮೊಣಕಾಲು ಹಿಡಿದು ಏಳಲು ಬಾರದಂತಾಗಿತ್ತು ಎಂದಳು ಅವಳು.

ಹೆಂಗಸು ಬಂದಳು. ಮುದುಕಿ ಭರಣಿ ಮುಂದೆ ಸರಿಸಿದಳು. ಆಕೆ ಹಚ್ಚಿಕೊಂಡಳು. ಚೀಲಕ್ಕೆ ಕೈ ಹಾಕಿದಾಗ ಲೇಡಿ ಪೊಲೀಸ್ ಹೊರಗೆ ಬಂದಳು. ಆಕೆ ಗಾಬರಿಯೇ ಆಗಲಿಲ್ಲವಂತೆ. "ಬರ್ತೀನವಾ, ಬಸ್ಸಿಗೆ ಹೊತ್ತಾತು" ಎಂದು ಎದ್ದಳಂತೆ. ಚೀಲದಲ್ಲಿ ಫೋಟೋ ಇರಲಿಲ್ಲ. ಒಂದು ಸಣ್ಣ ತಲೆದಿಂಬು ಇತ್ತು.

"ಇದ್ಯಾಕ?" ಎಂದರು ಸಾಹೇಬರು.

"ಬಸ್ಸಿನ್ಯಾಗ ಸೊಂಟಕ್ಕ ಇಟ್ಟಕೋತೀನ್ರಿ. ಸೊಂಟಾ ಬಾಳ ನೋಯತೈತಿ."

ಬೆಂಡೋಲಿ, ಬೋರಮಾಳ ಅವಳ ಖೋಲಿಯಲ್ಲಿ ಸಿಕ್ಕವು. ನಮ್ಮೂರ ಆಯಿಯವೂ ಇದ್ದವು. ಯಾಕೆ ಕೊಂದೆ ಎಂದು ಬಹಳ ಸಲ ಕೇಳಿದರಂತೆ. "ಅವರಾಗೇ ಒಳಗ ಕರೀತಿದ್ರಲ್ರಿ" ಎಂದಳಂತೆ. ಇದನ್ನು ಸಾಹೇಬರು ಪೇಪರಿನವರಿಗೆ ಹೇಳಲಿಲ್ಲ. ಪೇಪರಿನವರು ಬಂದಾಗ ಜೀಪಿನಲ್ಲಿ ಬಾಯಿ ತೆರೆದು ಮಲಗಿದ್ದರು. ದೊಡ್ಡ ಅಧಿಕಾರಿಗಳೇ ಮಾತಾಡಿದರು.

ಕೇಸು ಮುಗಿಯಿತು. ನನ್ನದು ಮುಗಿಯಲಿಲ್ಲ.

ಆಯಿ ಸತ್ತಾಗ ನಾನು ಲಾಕಪ್ಪಿನಲ್ಲಿದ್ದೆ. ಇಡೀ ಊರಿಗೆ ಗೊತ್ತು. ಅದಕ್ಕೆ ಊರು ಏನು ಹೇಳಿತು? ಇವನನ್ನು ಬಿಡಿಸಲು ಇವನ ಜೋಡಿಗಾರ ಮಾಡಿದ್ದು ಎಂದಿತು. ಹೆಂಗಸು ಸಿಕ್ಕ ಮೇಲೆ ಜೋಡಿಗಾರ ಹೋದ, ಜೋಡಿಗಾರ್ತಿ ಬಂದಳು. ಊರೂರು ತಿರುಗುವವನು ಇವನು, ಯಾವ ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳೆ ಎಂದು ಆಕೆಗೆ ತೋರಿಸಿದವನು ಇವನೇ ಎಂದರು. ಎದುರಿಗೆ ಯಾರೂ ಅನ್ನಲಿಲ್ಲ. ನಾನು ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲಿನ ಹೆಂಗಸರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಟ್ರ್ಯಾಕ್ಟರ್ ಮಾಲಕರು ಬೇರೆ ಡ್ರೈವರ್ ಇಟ್ಟುಕೊಂಡಿದ್ದರು. ಅಕ್ಕನನ್ನು ನೋಡಲು ಬರುವವರಿದ್ದ ಬೀಗರು ಬರಲಿಲ್ಲ.

ನಾನು ಸಾಹೇಬರಿಗೆ ಫೋನ್ ಮಾಡಿದೆ. ಸಿಟ್ಟಿನಲ್ಲಿದ್ದೆ.

"ನೀವ ಹಿಡಿದ್ರಿ, ನೀವ ಬಿಟ್ರಿ. ಊರು ಬಿಟ್ಟಿಲ್ರಿ. ಇದನ್ಯಾರ್ ಬಿಡಸ್ತಾರ?"

"ಆತು" ಎಂದರು. ಫೋನ್ ಇಟ್ಟರು.

ಬಂದರು. ಬೆಳಿಗ್ಗೆ, ಡೇರಿಗೆ ಜನ ಸೇರುವ ಹೊತ್ತಿಗೇ ಬಂದರು. ಜೀಪಿನ ಬಾಗಿಲು ಹಿಡಿದು ನಿಂತು, ಇಳಿದು, ನನ್ನನ್ನು ಕರೆಸಿದರು. ಹಾಲಿನ ಕ್ಯಾನ್ ಹಿಡಿದ ಜನರ ನಡುವೆ ಹೇಳಿದರು:

"ಇಂವನ್ನ ಹಿಡದದ್ದು ತಪ್ಪ. ನಂದ ತಪ್ಪ. ಇಂವಗೂ ಆಕಿಗೂ ಯಾವ ಸಂಬಂಧ ಇಲ್ಲ."

"ಹೋಗ್ಲಿ ಬಿಡ್ರಿ ಸಾಹೇಬ್ರ" ಎಂದ ಡೇರಿಯ ಸೆಕ್ರೆಟರಿ. "ನಾವೇನ್ ಅಂದೇವಿ ಇಂವಗ? ನಮ್ಮ ಹುಡುಗ ಅದಾನ."

ಎಲ್ಲರೂ ತಲೆ ಆಡಿಸಿದರು. ಆ ತಲೆ ಆಡಿಸುವುದು ನನಗೆ ಗೊತ್ತು. ಜೀಪು ತಿರುಗಿದ ಮೇಲೆ ಅದೂ ತಿರುಗುತ್ತದೆ. ಸಾಹೇಬರಿಗೂ ಗೊತ್ತಿತ್ತು ಎಂದು ಕಾಣುತ್ತದೆ. ನನ್ನ ತೋಳು ಹಿಡಿದು, "ನಡಿ" ಎಂದರು. ಡೇರಿಯ ಹಿಂದಕ್ಕೆ ಹೊರಟರು. ಆಯಿಯ ಮನೆಗೆ.

"ಅಲ್ಲಿ ಬ್ಯಾಡ್ರಿ" ಎಂದೆ. ಆಯಿಯ ಮಗಳು ಚಿಕ್ಕೋಡಿಯಿಂದ ಬಂದು ಅಲ್ಲಿದ್ದಳು. ನನ್ನನ್ನು ಕಂಡರೆ ಉಗುಳುತ್ತಿದ್ದಳು.

"ಅಲ್ಲೇ ಹೋಗಬೇಕು."

ಜನ ಹಿಂದೆ ಬಂದರು. ಹಾಲು ಅಲ್ಲೇ ಬಿಟ್ಟು ಬಂದರು. ಎದುರಿನ ಕಟ್ಟೆಗಳ ಮೇಲೆ ಹೆಂಗಸರು ನಿಂತರು. ಮಗಳು ಹೊರಗೆ ಬಂದಳು. ನನ್ನನ್ನು ನೋಡಿದಳು. ಆಮೇಲೆ ಸಾಹೇಬರನ್ನು ನೋಡಿದಳು.

"ತಂಗೀ" ಎಂದರು ಸಾಹೇಬರು, "ಆಕಿ ನಿಮ್ಮವ್ವನ್ನ ಕೊಂದ ಹೊತ್ತಿನ್ಯಾಗ ಈ ಹುಡುಗ ನನ್ನ ಮುಂದ ಕುಂತಿದ್ದ. ಇಂವನ್ನ ಇಟ್ಟಕೊಂಡ ನಾ ಸಮಾಧಾನಾ ಮಾಡಕೊಂಡಿದ್ನಿ. ಅಷ್ಟ ದಿನಾ ಖರೇ ಕೊಲೆಗಾರ್ತಿ ತಿರಗ್ಯಾಡಿದ್ಲು."

"ನೀವ ಹೇಳಿದ್ರಿ" ಎಂದಳು ಮಗಳು. ಕೂಗಲಿಲ್ಲ. "ನನಗ ಫೋನ್ ಹಚ್ಚಿ ಹೇಳಿದ್ಲು ನಮ್ಮವ್ವ. ಸಾಹೇಬ್ರು ಬಂದಿದ್ರು, ಬಾಗಲಾ ತಗದ ಕುಂದರ ಅಂದ್ರು, ಇನ್ನ ಚಿಂತಿ ಇಲ್ಲವಾ ಅಂದ್ಲು. ನೀವ ಆ ಮಾತ ಅನ್ನದಿದ್ರ ಚಿಲಕಾ ಹಾಕ್ಕೊಂಡ ಇರತಿದ್ಲು."

"ಹೌದವಾ."

"ಹೌದ ಅಂತೀರಿ."

"ಹೌದ ಐತಿ. ಅದಕ್ಕ ಹೌದ ಅಂತೀನಿ."

ಅಷ್ಟೇ. ಕಾರಣ ಹೇಳಲಿಲ್ಲ, ಮೇಲಿನವರ ಒತ್ತಡ ಇತ್ತು ಎನ್ನಲಿಲ್ಲ. ಬಿಸಿಲಲ್ಲಿ ನಿಂತರು. ನೋಯುವ ಮೊಣಕಾಲಿನ ಮೇಲೆ ಕೈ ಊರಿಕೊಂಡರು. ಕುಂದರ್ರಿ ಎಂದು ಯಾರೂ ಹೇಳಲಿಲ್ಲ.

ಮಗಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಒಂದು ಚರಿಗೆ ನೀರು ತಂದಳು. ನಮ್ಮ ಕಡೆ ಮನೆಗೆ ಬಂದವರಿಗೆ, ವೈರಿಯಾದರೂ, ಮೊದಲು ನೀರು ಕೊಡುತ್ತಾರೆ. ಅವಳು ಅದನ್ನು ನನ್ನ ಕೈಗೆ ಕೊಟ್ಟಳು. ನನಗೆ ಮಾತ್ರ. ಸಾಹೇಬರ ಕಡೆ ನೋಡಲೂ ಇಲ್ಲ.

ಇಡೀ ಓಣಿ ನೋಡುತ್ತಿತ್ತು. ಸಾಹೇಬರ ತುಟಿ ಒಣಗಿತ್ತು. ಚರಿಗೆಯನ್ನು ಅವರ ಕಡೆ ಚಾಚಿದೆ.

ಅವರು ನನ್ನ ಕೈಯನ್ನು ಹಿಂದಕ್ಕೆ ಸರಿಸಿದರು.

"ನಿನಗ ಕೊಟ್ಟಾಳ. ಕುಡಿ" ಎಂದರು, ನನಗಷ್ಟೇ ಕೇಳುವ ಹಾಗೆ. "ಇದಕ್ಕ ಬಂದಿದ್ದು."

ನೀರು ಸವಳಾಗಿತ್ತು. ಪೂರ್ತಿ ಕುಡಿದೆ.